ಕಾರ್ಡಿಫ್ ಮೇಯರ್‌ನ ಕೊರಳ ಸರ: ಗೌರವ ಬೇರೆ, ಅಧಿಕಾರ ಬೇರೆ

2025ರ ನವೆಂಬರ್‌ನಲ್ಲಿ ಜೊಹ್ರಾನ್ ಮಮ್ದಾನಿ ನ್ಯೂಯಾರ್ಕ್ ಮೇಯರ್ ಆಗಿ ಗೆದ್ದ ಸುದ್ದಿ ಬಂದಾಗ ನಮ್ಮ ಕುಟುಂಬದ ಗ್ರೂಪು, ಜಮಾಅತ್ ಗ್ರೂಪುಗಳಿಗೆ ಪುರುಸೊತ್ತೇ ಇರಲಿಲ್ಲ. ಲಂಡನ್‌ನ ಸಾದಿಕ್ ಖಾನ್ ಫೋಟೊದ ಜೊತೆಗೆ ಬ್ರಿಟನ್ನಿನ ಬೇರೆ ಬೇರೆ ಊರುಗಳ ಮುಸ್ಲಿಂ ಮೇಯರ್‌ಗಳ ಪಟ್ಟಿಯೂ ಹರಿದಾಡಿತು. "ಇಷ್ಟೆಲ್ಲ ನಗರಗಳನ್ನು ನಮ್ಮವರೇ ಆಳ್ತಿದ್ದಾರೆ, ಮಾಶಾ ಅಲ್ಲಾಹ್" ಎಂದು ಒಬ್ಬರು ಹಾಕಿದರೆ, ಅದೇ ಪಟ್ಟಿಯನ್ನು ಬೇರೆ ಗ್ರೂಪುಗಳಲ್ಲಿ "ನೋಡಿ, ಬ್ರಿಟನ್ ಇವರ ಕೈಗೆ ಹೋಯ್ತು" ಎಂದು ಹೆದರಿಸಲು ಹಂಚಲಾಯಿತು. ಹೆಮ್ಮೆಪಟ್ಟವರೂ ಹೆದರಿಸಿದವರೂ ಒಂದೇ ತಪ್ಪು ಮಾಡಿದ್ದಾರೆ. ಎಲ್ಲ ಮೇಯರ್‌ಗಳೂ ಆಳುವವರಲ್ಲ. ಇದನ್ನು ತಿಳಿಯಲು ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ಗಿಂತ ಒಳ್ಳೆಯ ಉದಾಹರಣೆ ಬೇಡ.

2023ರ ಮೇ ತಿಂಗಳಲ್ಲಿ ಬಾಂಗ್ಲಾದೇಶ ಮೂಲದ ಡಾ. ಬಬ್ಲಿನ್ ಮಲ್ಲಿಕ್ ಕಾರ್ಡಿಫ್‌ನ ಲಾರ್ಡ್ ಮೇಯರ್ ಆದರು. ಆ ಸ್ಥಾನಕ್ಕೆ ಬಂದ ಮೊದಲ ಮುಸ್ಲಿಂ ಮಹಿಳೆ ಅವರು. ಒಂದು ವರ್ಷದ ಅವಧಿ ಮುಗಿಸಿ 2024ರಲ್ಲಿ ಕೆಳಗಿಳಿದರು. ಆ ಒಂದು ವರ್ಷ ಅವರು ನಗರವನ್ನು ಆಳಿದರಾ? ಇಲ್ಲ. ಕಾರ್ಡಿಫ್‌ನಲ್ಲಿ ಬಜೆಟ್, ಶಾಲೆ, ರಸ್ತೆ, ಕಸ ವಿಲೇವಾರಿ ಎಲ್ಲವೂ ಕೌನ್ಸಿಲ್ ನಾಯಕ ಮತ್ತು ಅವರ ಸಂಪುಟದ ಕೈಯಲ್ಲಿರುತ್ತದೆ. ಲಂಡನ್ ಮತ್ತು ನ್ಯೂಯಾರ್ಕ್ ಮೇಯರ್‌ಗಳನ್ನು ಜನ ನೇರವಾಗಿ ಮತ ಹಾಕಿ ಆರಿಸುತ್ತಾರೆ, ಅವರಿಗೆ ಖಜಾನೆಯೂ ಇದೆ, ಅಧಿಕಾರವೂ ಇದೆ. ಕಾರ್ಡಿಫ್‌ನ ಲಾರ್ಡ್ ಮೇಯರನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ಕೌನ್ಸಿಲರ್‌ಗಳೇ ತಮ್ಮೊಳಗಿಂದ ಆರಿಸಿಕೊಳ್ಳುತ್ತಾರೆ. ನಮ್ಮ ಸಂಘ ಸಂಸ್ಥೆಗಳಲ್ಲಿ ಗೌರವಾಧ್ಯಕ್ಷರು ಅಂತ ಒಬ್ಬರು ಇರ್ತಾರಲ್ಲ, ಹೆಚ್ಚು ಕಡಿಮೆ ಹಾಗೆ. ವೇದಿಕೆಯಲ್ಲಿ ನಡುವಿನ ಕುರ್ಚಿ ಅವರದ್ದು, ಲೆಕ್ಕದ ಪುಸ್ತಕ ಮಾತ್ರ ಬೇರೆಯವರ ಹತ್ತಿರ.

ಹಾಗಾದರೆ ಲಾರ್ಡ್ ಮೇಯರ್‌ಗೆ ಕೆಲಸವೇನು? ನಿಲುವಂಗಿ, ಕೊರಳಿಗೆ ಅಧಿಕಾರದ ಸರ ತೊಟ್ಟು ನಗರದ ಪರವಾಗಿ ಅತಿಥಿಗಳನ್ನು ಬರಮಾಡಿಕೊಳ್ಳುವುದು. ಯುದ್ಧದಲ್ಲಿ ಮಡಿದವರ ಸ್ಮರಣೆಯ ದಿನ ಹೂಚಕ್ರ ಇಡುವುದು. ಶಾಲೆ, ವೃದ್ಧಾಶ್ರಮ, ಚರ್ಚು, ಮಸೀದಿ, ಗುರುದ್ವಾರಗಳಿಗೆ ಹೋಗುವುದು. ಸೇವಾ ಸಂಸ್ಥೆಗಳಿಗೆ ಹಣ ಕೂಡಿಸುವುದು. ಪರಂಪರೆಯಂತೆ ಕೌನ್ಸಿಲ್ ಸಭೆ ನಡೆಸುವುದೂ ಇವರ ಪಾಲಿನದ್ದಾಗಿತ್ತು. ಈಗ ವೇಲ್ಸ್‌ನ ಕಾನೂನು ಸಭೆ ನಡೆಸಲು ಬೇರೊಬ್ಬರನ್ನು ಆರಿಸಿಕೊಳ್ಳಲು ಬಿಡುತ್ತದೆ, ಸ್ವಾನ್ಸಿ ನಗರ ಹಾಗೆಯೇ ಮಾಡಿಕೊಂಡಿದೆ.

ಈ ಸ್ಥಾನದ ಚರಿತ್ರೆಯೂ ಸ್ವಾರಸ್ಯವಾಗಿದೆ. ಹಿಂದೆ ಕಾರ್ಡಿಫ್ ಕೋಟೆಯ ನೆರಳಿನಲ್ಲಿದ್ದ ಒಂದು ಸಣ್ಣ ಪಟ್ಟಣ. ಅಲ್ಲಿ ಕೋಟೆಯ ಒಡೆಯರ ಮಾತೇ ನಡೆಯುತ್ತಿತ್ತು. 1835ರ ಪುರಸಭಾ ಕಾನೂನು ಬಂದ ಮೇಲೆ ಚುನಾಯಿತ ಕೌನ್ಸಿಲ್ ಬಂತು, ಅದು ಆರಿಸಿದ ಮೇಯರ್ ಬಂದರು. 1839ರಲ್ಲಿ ಬ್ಯೂಟ್ ಮನೆತನ ಹಡಗುಕಟ್ಟೆ ಕಟ್ಟಿಸಿತು. ವೇಲ್ಸ್‌ನ ಕಣಿವೆಗಳ ಕಲ್ಲಿದ್ದಲು ಈ ಬಂದರಿನಿಂದ ಲೋಕಕ್ಕೆಲ್ಲ ಹೊರಟಿತು. 1890ರಲ್ಲಿ ಅದೇ ಮನೆತನದ ಮೂರನೇ ಮಾರ್ಕ್ವಿಸ್ ಸ್ವತಃ ಮೇಯರ್ ಕುರ್ಚಿಯಲ್ಲಿ ಕೂತರು. ಆದರೆ ಒಡೆತನದ ಹಕ್ಕಿನಿಂದ ಅಲ್ಲ, ಕೌನ್ಸಿಲ್ ಆರಿಸಿದ್ದರಿಂದ. 1905ರಲ್ಲಿ ರಾಜ ಏಳನೇ ಎಡ್ವರ್ಡ್ ಕಾರ್ಡಿಫ್‌ಗೆ ನಗರದ ಪಟ್ಟ ಕೊಟ್ಟಾಗ ಮೇಯರ್ 'ಲಾರ್ಡ್ ಮೇಯರ್' ಆದರು. 1955ರಲ್ಲಿ ಕಾರ್ಡಿಫ್ ವೇಲ್ಸ್‌ನ ರಾಜಧಾನಿಯಾಯಿತು. ಮರುವರ್ಷ ಲಾರ್ಡ್ ಮೇಯರ್ ಹೆಸರಿನ ಮುಂದೆ 'ರೈಟ್ ಆನರಬಲ್' ಸೇರಿಕೊಂಡಿತು. ಇವತ್ತು ವೇಲ್ಸ್‌ನ ಏಳು ನಗರಗಳಲ್ಲಿ ಲಾರ್ಡ್ ಮೇಯರ್ ಇರುವುದು ಎರಡರಲ್ಲಿ ಮಾತ್ರ, ಕಾರ್ಡಿಫ್ ಮತ್ತು ಸ್ವಾನ್ಸಿ.

ಈ ಬಿರುದುಗಳೆಲ್ಲ ಬಂದದ್ದು ಕಲ್ಲಿದ್ದಲಿನ ದುಡ್ಡಿನ ಮೇಲೆ. ಹಡಗಿನ ತಳದಲ್ಲಿ ಬೆಂಕಿಗೆ ಆ ಕಲ್ಲಿದ್ದಲು ತುಂಬುತ್ತಿದ್ದವರು ಯಾರು? ಯೆಮನ್ ಮತ್ತು ಸೊಮಾಲಿಯಾದ ಮುಸ್ಲಿಂ ನಾವಿಕರು. ಏಡನ್ ಬ್ರಿಟಿಷರ ಹಡಗುಗಳಿಗೆ ಕಲ್ಲಿದ್ದಲು ತುಂಬಿಸುವ ತಾಣವಾಗಿತ್ತು. ಅಲ್ಲಿಂದ ಹಡಗು ಹತ್ತಿದವರು ಕಾರ್ಡಿಫ್‌ನ ಬ್ಯೂಟ್‌ಟೌನ್‌ನಲ್ಲಿ ಬಂದು ನೆಲೆಸಿದರು. ಆ ಏಡನ್ ಹಲವು ದಶಕಗಳ ಕಾಲ ನಡೆದದ್ದು ಮುಂಬೈ ಸರಕಾರದ ಕೈಕೆಳಗೆ. 1937ರ ತನಕ ಅದು ಬ್ರಿಟಿಷ್ ಇಂಡಿಯಾದ ಭಾಗವೇ. ಬಂದರ್ ಕಂಡು ಬೆಳೆದ ನಮಗೆ ಈ ಕಡಲ ದಾರಿ ಅಪರಿಚಿತ ಅಲ್ಲ.

ಆ ನಾವಿಕರಿಗೆ ನಗರ ಹೂವಿನ ಹಾರ ಹಾಕಲಿಲ್ಲ. 1919ರ ಜೂನ್‌ನಲ್ಲಿ ಬಿಳಿಯರ ಗುಂಪುಗಳು ಅವರ ವಸತಿಗಳ ಮೇಲೆ ದಾಳಿ ಮಾಡಿದವು, ಜೀವಗಳು ಹೋದವು. 1925ರ ಒಂದು ಆದೇಶ, ಬ್ರಿಟಿಷ್ ಪ್ರಜೆ ಎಂಬುದಕ್ಕೆ ಕಾಗದ ತೋರಿಸಲಾಗದ ಕರಿಯ ನಾವಿಕರನ್ನೆಲ್ಲ ವಿದೇಶಿಯರೆಂದು ನೋಂದಾಯಿಸಿಕೊಳ್ಳಲು ಹೇಳಿತು. ಕಾಗದ ಇಲ್ಲದವನ ಸಂಕಟ ಏನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1952ರಲ್ಲಿ ಮಹಮೂದ್ ಮತ್ತಾನ್ ಎಂಬ ಸೊಮಾಲಿ ನಾವಿಕನನ್ನು ಮಾಡದ ಕೊಲೆಗಾಗಿ ಕಾರ್ಡಿಫ್ ಜೈಲಿನಲ್ಲಿ ಗಲ್ಲಿಗೇರಿಸಿದರು. ತೀರ್ಪು ತಪ್ಪೆಂದು ನ್ಯಾಯಾಲಯ ಒಪ್ಪಿದ್ದು 1998ರಲ್ಲಿ, ಪೊಲೀಸರು ಕ್ಷಮೆ ಕೇಳಿದ್ದು 2022ರಲ್ಲಿ.

ಆ ಕ್ಷಮೆಯ ಮರುವರ್ಷವೇ ಅದೇ ನಗರದ ಸರ ಒಬ್ಬ ಮುಸ್ಲಿಂ ಮಹಿಳೆಯ ಕೊರಳಿಗೆ ಬಿತ್ತು. ಸಾಂಕೇತಿಕ ಅಂತ ಇದನ್ನು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ಯಾರನ್ನು 'ಹೊರಗಿನವರು' ಎಂದು ಪುಸ್ತಕದಲ್ಲಿ ಬರೆದುಕೊಂಡಿತ್ತೋ, ಅವರ ಸಮುದಾಯದ ಹೆಣ್ಣುಮಗಳೇ ಊರಿನ ಯಜಮಾನಿಯಾಗಿ ಬಾಗಿಲಲ್ಲಿ ನಿಂತು ಅತಿಥಿಗಳನ್ನು ಒಳಗೆ ಕರೆದರು. ಬ್ಯೂಟ್‌ಟೌನ್‌ನ ಮಕ್ಕಳಿಗೆ ಅದು ದೊಡ್ಡ ಮಾತೇ. ಆದರೆ ಆ ಸರದಿಂದ ಒಂದು ಮನೆಗೂ ಬಾಡಿಗೆ ಕಡಿಮೆಯಾಗುವುದಿಲ್ಲ, ಒಬ್ಬ ಯುವಕನಿಗೂ ಕೆಲಸ ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ. ಅದಕ್ಕೆ ಸಂಪುಟದಲ್ಲಿ ಸ್ಥಾನ ಬೇಕು, ಬಜೆಟಿನ ಮೇಲೆ ಹಿಡಿತ ಬೇಕು.

ನಾವು ಗಮನಿಸಬೇಕಾದ ಎರಡು ಸಂಗತಿಗಳು ಇಲ್ಲಿವೆ. ಒಂದು, 2022ರ ಚುನಾವಣೆಯಲ್ಲಿ ಕಾರ್ಡಿಫ್‌ನ 79 ಸ್ಥಾನಗಳಲ್ಲಿ ಲೇಬರ್ ಪಕ್ಷ 55 ಗೆದ್ದಿತ್ತು. ಮಲ್ಲಿಕ್ ಇದ್ದದ್ದು ಬರೇ 10 ಸ್ಥಾನದ ಲಿಬರಲ್ ಡೆಮಾಕ್ರಾಟ್ ಪಕ್ಷದಲ್ಲಿ. ಆದರೂ ಗೌರವದ ಕುರ್ಚಿ ಅವರಿಗೆ ಸಿಕ್ಕಿತು, ಯಾಕೆಂದರೆ ಅಲ್ಲಿ ಆ ಕುರ್ಚಿ ಗೆದ್ದವರ ಸೊತ್ತಲ್ಲ, ಊರಿನ ಸೊತ್ತು. ನಮ್ಮಲ್ಲಿ ಬಹುಮತ ಇದ್ದವರೇ ಮೇಯರ್ ಕುರ್ಚಿಯನ್ನೂ ಇಟ್ಟುಕೊಳ್ಳುವ ರೂಢಿ ನೋಡಿದವರಿಗೆ ಇದು ಯೋಚಿಸುವ ವಿಷಯ. ನಮ್ಮ ಮಹಾನಗರ ಪಾಲಿಕೆಗಳ ಮೇಯರ್‌ಗೂ ಗೌರವವೇ ಹೆಚ್ಚು, ಕಾರ್ಯಾಂಗದ ಅಧಿಕಾರ ಕಮಿಷನರ್ ಕೈಯಲ್ಲಿ. ಹಾಗಿರುವಾಗ ಆ ಗೌರವವನ್ನಾದರೂ ಹಂಚಿಕೊಂಡರೆ ಯಾರಿಗೆ ನಷ್ಟ?

ಎರಡು, ಮಲ್ಲಿಕ್ ಆಯ್ಕೆಯಾಗಿದ್ದ ಸಿನ್‌ಕೋಯ್ಡ್ ಮುಸ್ಲಿಮರು ಬಹುಸಂಖ್ಯಾತರಿರುವ ವಾರ್ಡ್ ಅಲ್ಲವೇ ಅಲ್ಲ. ಇಡೀ ಕಾರ್ಡಿಫ್‌ನಲ್ಲೇ ಮುಸ್ಲಿಮರ ಸಂಖ್ಯೆ ಶೇ. 9ರ ಆಸುಪಾಸು. 2017ರಲ್ಲಿ ಕೌನ್ಸಿಲರ್ ಆಗಿ ಆರು ವರ್ಷ ವಾರ್ಡಿನ ಕೆಲಸ ಮಾಡಿದ ಮೇಲೆ ಅವರಿಗೆ ಸರ ಬಂತು. 'ನಮ್ಮ ವಾರ್ಡು, ನಮ್ಮ ಓಟು' ಎಂಬ ಲೆಕ್ಕದೊಳಗೇ ತಿರುಗುವ ನಮ್ಮ ಹುಡುಗರು ಇದನ್ನು ನೋಡಬೇಕು. ನೆರೆಮನೆಯವನ ಚರಂಡಿ, ಬೀದಿದೀಪದ ಪ್ರಶ್ನೆಯನ್ನೂ ಎತ್ತಿದವರಿಗೆ ನೆರೆಮನೆಯವನ ಓಟೂ ಬರುತ್ತದೆ. ಓದಿ ಮುಂದೆ ಬಂದಿರುವ ನಮ್ಮ ಹೆಣ್ಣುಮಕ್ಕಳ ಹೆಸರು ಮೀಸಲಾತಿ ಬಂದಾಗ ಮಾತ್ರ ನೆನಪಾಗುವುದೂ ನಿಲ್ಲಬೇಕು.

ಮುಂದಿನ ಸಲ ದೂರದ ಊರಿನ ಮೇಯರ್ ಫೋಟೊ ಮೊಬೈಲಿಗೆ ಬಂದಾಗ ಮಾಶಾ ಅಲ್ಲಾಹ್ ಹೇಳೋಣ, ತಪ್ಪಿಲ್ಲ. ಆದರೆ ಫಾರ್ವರ್ಡ್ ಮಾಡುವ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳೋಣ: ನಮ್ಮ ವಾರ್ಡಿನ ಮತದಾರರ ಪಟ್ಟಿಯಲ್ಲಿ ನಮ್ಮ ಮನೆಯವರ ಹೆಸರು ಸರಿಯಾಗಿದೆಯಾ? ಕಳೆದ ಸಲ ವಾರ್ಡಿನ ಸಮಸ್ಯೆ ಹಿಡಿದುಕೊಂಡು ಪಾಲಿಕೆಯ ಮೆಟ್ಟಿಲು ಹತ್ತಿದ್ದು ಯಾವಾಗ?