ಡೈಸ್ ಆಮೇಲೆ, ಪುಸ್ತಕ ಮೊದಲು

ಹಾಸ್ಟೆಲ್ ಟೇಬಲ್ ಮೇಲೆ ವಾಟರ್ಲೂ ಆಡಿ ಮುಗಿಸಿದ ಮೇಲೆ ನಮಗೆ ಗೊತ್ತಾಯ್ತು: 1815ರಲ್ಲಿ ನೆಪೋಲಿಯನ್ನನ್ನು ಸೋಲಿಸಿದ ವೆಲ್ಲಿಂಗ್ಟನ್, 1799ರ ಮಾರ್ಚ್ 27ರಂದು ನಮ್ಮ ಕೊಳ್ಳೇಗಾಲದ ಪಕ್ಕದ ಮಳವಳ್ಳಿಯಲ್ಲಿ ಟಿಪ್ಪು ಸೈನ್ಯದ ಎದುರು ನಿಂತಿದ್ದ! ಸರಿ, ಅದನ್ನೇ ಆಡೋಣ ಅಂದ್ಕೊಂಡ್ವಿ. ಆದ್ರೆ ಯಾವ ಪುಸ್ತಕ ನಂಬೋದು?

ಮೊದಲು ಸಿಕ್ಕಿದ್ದು 1800ರ ಬೀಟ್ಸನ್ ಪುಸ್ತಕ. ಆತ ಇಂಗ್ಲಿಷ್ ಸೈನ್ಯದ ಸರ್ವೇಯರ್. ಸೈನ್ಯ ನಡೆದ ದಾರಿ, ದಿನಾಂಕಗಳಿಗೆ ಬಹಳ ಉಪಯೋಗ. ಆದರೆ ಟಿಪ್ಪು ಕಡೆಯವರು ಅಲ್ಲಿ ಬರೀ ಶತ್ರುಗಳು. ಅದೊಂದನ್ನೇ ನಂಬಿ ಆಡಿದ್ರೆ ಅರ್ಧ ಟೇಬಲ್ ಖಾಲಿ. ಹೈದರ್, ಟಿಪ್ಪು ಇಬ್ಬರ ಬಳಿಯೂ ಇದ್ದ ಕಿರ್ಮಾನಿ ಪರ್ಶಿಯನ್‌ನಲ್ಲಿ ಬರೆದದ್ದರ ಅನುವಾದವನ್ನೂ ಜೊತೆಗಿಟ್ಟು ಓದಬೇಕು.

ನಮ್ಮೂರುಗಳದ್ದು ಇನ್ನೊಂದು ತೊಡಕು. ಯಳಂದೂರು ಮೈಸೂರಿಗೆ ಸೇರಿದ್ದು, ಪೂರ್ಣಯ್ಯನವರ ಜಹಗೀರು. ಕೊಳ್ಳೇಗಾಲ, ಹನೂರು 1956ರವರೆಗೆ ಕೊಯಮತ್ತೂರು ಜಿಲ್ಲೆ. ಹಾಗಾಗಿ ರೈಸ್‌ನ ಮೈಸೂರು ಗೆಜೆಟಿಯರ್ ಒಂದೇ ಸಾಲದು, ನಿಕೋಲ್ಸನ್‌ನ 1887ರ ಕೊಯಮತ್ತೂರು ಮ್ಯಾನ್ಯುಯಲ್ಲೂ ಬೇಕು.

ಇಂಗ್ಲಿಷ್ ಮೀಡಿಯಂನ ನಾವು ಇಂಗ್ಲಿಷ್ ಪುಸ್ತಕವನ್ನು ಬೇಗ ಓದ್ತೀವಿ, ಬೇಗ ನಂಬಿಯೂ ಬಿಡ್ತೀವಿ. ಅದೇ ಅಪಾಯ. ಬರೆದವನು ಯಾವ ಕಡೆ ನಿಂತಿದ್ದ ಅಂತ ಮೊದಲು ಕೇಳೋಣ. ಎರಡೂ ಕಡೆಯವರದ್ದು ಓದೋಣ. ಬಸ್ ಹತ್ತಿ ಮಳವಳ್ಳಿಗೂ ಹೋಗಿ ನೋಡಿಬರೋಣ. ಡೈಸ್ ಆಮೇಲೆ ಹಾಕಿದ್ರಾಯ್ತು!