ನೆಲ ನಿಜವಾಗ್ಲೂ ಡೊಂಕಾಗಿತ್ತು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಹಿಂದಿನ ಕಂಪನಿಯಲ್ಲಿ ಒಬ್ಬ ಮ್ಯಾನೇಜರ್ ಈ ಗಾದೆಯನ್ನ ಬೋರ್ಡು ಜೋಡಿಸುವ ಹುಡುಗಿಯ ಮುಖಕ್ಕೇ ಹೇಳಿದ್ದರು. ಅವಳ ಟೇಬಲ್ಲಿನಿಂದ ಬಂದ ಬೋರ್ಡುಗಳು ಎರಡು ವಾರ ಚೆನ್ನಾಗಿ ಓಡಿ, ಆಮೇಲೆ ಇಷ್ಟ ಬಂದಾಗ ರೀಸೆಟ್ ಆಗುತ್ತಿದ್ದವು. ಮೊದಲು ಬೈಸಿಕೊಂಡಿದ್ದು ನನ್ನ ಕೋಡ್. ಇಲ್ಲದ ಬಗ್ ಹುಡುಕುತ್ತಾ ಮೂರು ವಾರ ಕಳೆದೆ. ಆಮೇಲೆ ಬೈಸಿಕೊಂಡಿದ್ದು ಅವಳ ಕೈ. ಅವಳ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ನೆಲದ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಅದು 'ಆಂಟಿಸ್ಟ್ಯಾಟಿಕ್' ನೆಲ ಕಣ್ರೀ, ಸರ್ಟಿಫಿಕೇಟ್ ಫೈಲಿನಲ್ಲಿತ್ತು!

ಹೊಸಬರು ಬಂದರೂ ಬೋರ್ಡು ಸಾಯೋದು ನಿಲ್ಲಲಿಲ್ಲ. ಕೊನೆಗೆ ಯಾರೋ ಮೀಟರ್ ತಂದು ನೆಲ ಅಳೆದರು. ವಿದ್ಯುತ್ತನ್ನ ಭೂಮಿಗೆ ಇಳಿಸಬೇಕಾದ ವಿನೈಲ್ ಟೈಲ್ ಒಂಚೂರೂ ಇಳಿಸುತ್ತಿರಲಿಲ್ಲ. ನೆಲ ಪಳಪಳ ಹೊಳೆಯಲಿ ಅಂತ ಹೌಸ್‌ಕೀಪಿಂಗಿನವರಿಂದ ಸಾಮಾನ್ಯ ವ್ಯಾಕ್ಸ್ ಪಾಲಿಶ್ ಹೊಡೆಸಿದ್ದರು. ಟೈಲಿನ ಮೇಲೆ ಅದೇ ಪ್ಲಾಸ್ಟಿಕ್ ಹಾಳೆ ಹಾಸಿದ ಹಾಗಾಗಿತ್ತು.

ಹಳ್ಳಿಯಲ್ಲಿ ಸಗಣಿ ಸಾರಿಸಿದ ನೆಲದ ಮೇಲೆ ಬರಿಗಾಲಲ್ಲಿ ಓಡಾಡಿದವರಿಗೆ ಈ ಸಮಸ್ಯೆ ಗೊತ್ತೇ ಇಲ್ಲ. ಮೈಯಲ್ಲಿ ಚಾರ್ಜ್ ಹುಟ್ಟಿದರೂ ಕಾಲಿನಿಂದ ಭೂಮಿಗೆ ಇಳಿದುಹೋಗುತ್ತದೆ. ರಬ್ಬರ್ ಸೋಲಿನ ಶೂ ಹಾಕಿ ಏಸಿ ರೂಮಿನಲ್ಲಿ ನಡೆದರೆ ಅದು ಮೈಯಲ್ಲೇ ಕೂರುತ್ತದೆ. ನಮಗೆ ಚುರುಕ್ ಅನ್ನಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಕೆಲವು ಚಿಪ್ಪುಗಳಿಗೆ 100 ವೋಲ್ಟಿಗಿಂತ ಕಡಿಮೆ ಸಾಕು. ಅಂದ್ರೆ ಕೊಂದವರಿಗೆ ಕೊಂದದ್ದು ಗೊತ್ತಾಗೋದಿಲ್ಲ. ಚಿಪ್ಪು ಪೂರ್ತಿ ಸತ್ತರೆ ಟೆಸ್ಟಿಂಗಲ್ಲಿ ಸಿಕ್ಕಿಬೀಳುತ್ತದೆ, ಅರ್ಧ ಪೆಟ್ಟು ತಿಂದದ್ದು ಪಾಸಾಗಿ ಗ್ರಾಹಕನ ಮನೆಯಲ್ಲಿ ಕೈಕೊಡುತ್ತದೆ.

ಈಗ ನನ್ನ ಜಗಳ. ನಮ್ಮಲ್ಲಿ ಇಂಥ ನೆಲವನ್ನ ಆಯ್ಕೆ ಮಾಡೋದು ಹೇಗೆ? ಮೂರು ಕೊಟೇಶನ್, ಚದರಡಿಗೆ ಎಷ್ಟು, ಬಣ್ಣ ಯಾವುದು, ಮುಗೀತು. 'ಆಂಟಿಸ್ಟ್ಯಾಟಿಕ್' ಅನ್ನೋ ಪದ ನೆಲದಲ್ಲಿ ಚಾರ್ಜ್ ಕಡಿಮೆ ಹುಟ್ಟುತ್ತದೆ ಅಂತಷ್ಟೇ ಹೇಳುತ್ತದೆ. ಹುಟ್ಟಿದ್ದು ಭೂಮಿಗೆ ಇಳಿಯುತ್ತದೋ ಇಲ್ಲವೋ ಅನ್ನೋದಕ್ಕೆ ಅದರಲ್ಲಿ ಉತ್ತರವಿಲ್ಲ. ಆನ್ಸಿ/ಇಎಸ್‌ಡಿ ಎಸ್20.20 ಮಾನದಂಡ ಬರೀ ಟೈಲನ್ನ ನೋಡೋದಿಲ್ಲ, ಮನುಷ್ಯ, ಪಾದರಕ್ಷೆ, ನೆಲ ಮೂರನ್ನೂ ಒಟ್ಟಿಗೆ ಅಳೆಯಿರಿ ಅನ್ನುತ್ತದೆ. ಒಟ್ಟು ರೋಧ 100 ಕೋಟಿ ಓಮ್‌ಗಿಂತ ಕಡಿಮೆ ಇರಬೇಕು, ನಡೆಯುವಾಗ ಮೈಯ ವೋಲ್ಟೇಜ್ 100 ದಾಟಬಾರದು. ಒಂದು ಪಾಸಾಗಿ ಇನ್ನೊಂದು ಫೇಲಾಗುವ ನೆಲಗಳೂ ಇವೆ. ಹಾಗಂತ ರೋಧ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೇದು ಅಂತಲೂ ಅಲ್ಲ. ಕರೆಂಟ್ ಹರಿಯುತ್ತಿರುವ ಉಪಕರಣ ಟೆಸ್ಟ್ ಮಾಡುವ ಕಡೆ ಅದರಿಂದ ಜೀವಕ್ಕೇ ಅಪಾಯ.

'ರಿಸ್ಟ್ ಸ್ಟ್ರಾಪ್ ಕೊಟ್ಟಿದ್ದೀವಲ್ಲ' ಅಂತಾರೆ. ಅದು ಕೂತು ಕೆಲಸ ಮಾಡುವವರಿಗೆ ಆಯ್ತು. ಟ್ರಾಲಿ ತಳ್ಳಿಕೊಂಡು ಓಡಾಡುವವರನ್ನ ಎಲ್ಲಿಗೆ ಕಟ್ಟಿಹಾಕ್ತೀರಿ? 'ಬೆಂಗಳೂರೇನು ದಿಲ್ಲಿಯ ಚಳಿಗಾಲವಾ' ಅಂತಲೂ ಕೇಳ್ತಾರೆ. ಮಾರ್ಚ್ ತಿಂಗಳ ಮಧ್ಯಾಹ್ನ ತುಟಿ ಒಡೆಸಿಕೊಂಡವರನ್ನ ಕೇಳಿ ನೋಡಿ.

ಆದ್ದರಿಂದ ಆರ್ಡರ್ ಕೊಡುವ ಮುಂಚೆ ಸ್ಯಾಂಪಲ್ ಹಾಸಿಸಿ, ನಿಮ್ಮವರೇ ನಿಮ್ಮ ಶೂ ಹಾಕಿ ನಡೆದು ಅಳೆಯಿರಿ. ಕಾಂಕ್ರೀಟಿನ ತೇವ ನೋಡಿ, ಇಲ್ಲದಿದ್ದರೆ ಅಂಟು ಬಿಟ್ಟು ಟೈಲ್ ಏಳುತ್ತದೆ. ತಾಮ್ರದ ಪಟ್ಟಿ ಎಲ್ಲಿ ಅರ್ಥಿಂಗ್‌ಗೆ ಸೇರಿದೆ ಅಂತ ಕಣ್ಣಾರೆ ನೋಡಿ. ಯಾವ ದ್ರಾವಣದಲ್ಲಿ ಒರೆಸಬೇಕು ಅನ್ನೋದನ್ನ ಒರೆಸುವವರಿಗೆ ಅವರ ಭಾಷೆಯಲ್ಲೇ ಬರೆದುಕೊಡಿ. ಆಗಾಗ ಮತ್ತೆ ಅಳೆಯಿರಿ.

ಇನ್ನೊಂದು ಮಾತು. ನಮ್ಮೂರಲ್ಲಿ ಗೌಡರು ಬಂದರೂ ಚಪ್ಪಲಿ ಹೊಸ್ತಿಲಾಚೆಯೇ. ಲ್ಯಾಬಿನಲ್ಲಿ ಹುಡುಗಿಯರು ಎರಡೂ ಕಾಲಿಗೆ ಹೀಲ್ ಸ್ಟ್ರಾಪ್ ಕಟ್ಟಿಕೊಂಡು ನಿಂತಿರುತ್ತಾರೆ. ಡೈರೆಕ್ಟರ್ ಸಾಹೇಬರು ಮಾಮೂಲಿ ಶೂನಲ್ಲೇ ಒಳಬಂದು ಬೋರ್ಡು ಎತ್ತಿ 'ವೆರಿ ನೈಸ್' ಅನ್ನುತ್ತಾರೆ. ಆ ಬೋರ್ಡು ಸತ್ತರೆ ರಿಪೋರ್ಟಿನಲ್ಲಿ ಯಾರ ಹೆಸರು ಬರುತ್ತದೆ ಹೇಳಿ?

ನಮ್ಮ ನೆಲದ ಪಾಲಿಶ್ ಕೆರೆಸಿದ ಮೇಲೆ ರೀಸೆಟ್ ಕಾಟ ಕಡಿಮೆಯಾಯ್ತು. ಮೀಟಿಂಗಿನಲ್ಲಿ ಚಪ್ಪಾಳೆಯೂ ಬಿತ್ತು. ಆ ಹುಡುಗಿಗೆ ಫೋನ್ ಮಾಡಿ 'ತಪ್ಪು ನಿನ್ನದಲ್ಲಮ್ಮ' ಅಂತ ಮಾತ್ರ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.