ಠೇವಣಿದಾರನ ಹಣಕ್ಕೆ ಇಬ್ಬರು ಒಡೆಯರು

ಬ್ಯಾಂಕೊಂದು ಬಾಗಿಲಿಕ್ಕಿದ ಮೇಲೆ ಸರಕಾರದವರು ಕಣ್ಣು ತೆರೆಯುವರು. ಕಮಿಟಿ ನೇಮಕವಾಗಿ, ಮಸೂದೆ ಸಿದ್ಧವಾಗಿ, ಕಾಯಿದೆಯು ಜಾರಿಗೆ ಬರುವಷ್ಟರಲ್ಲಿ ಠೇವಣಿದಾರನ ಅರ್ಧ ಆಯುಷ್ಯವೇ ಸವೆದಿರುತ್ತದೆ. ಈ ಮಾತು ಕಟುವೆನಿಸಿದರೆ ವಾಚಕರು 1938ನೆಯ ಇಸವಿಯನ್ನು ನೆನೆಯಬೇಕು.

ಆ ವರ್ಷದ ಜೂನ್ ತಿಂಗಳಿನಲ್ಲಿ ತಿರುವಾಂಕೂರು ನ್ಯಾಶನಲ್ ಆ್ಯಂಡ್ ಕ್ವಿಲಾನ್ ಬ್ಯಾಂಕು ಮುರಿದುಬಿದ್ದಿತು. ಅದರ ಹುಟ್ಟು ಸಂಸ್ಥಾನದಲ್ಲಿ; ವ್ಯವಹಾರವು ಬ್ರಿಟಿಷ್ ಇಂಡಿಯಾದಲ್ಲಿಯೂ ಹಬ್ಬಿತ್ತು. ಅಲ್ಲಿ ಒಂದು ಕಾಯಿದೆ, ಇಲ್ಲಿ ಇನ್ನೊಂದು. 1935ರಲ್ಲಿ ಹುಟ್ಟಿದ ರಿಸರ್ವ್ ಬ್ಯಾಂಕಿಗೆ ಒಳಹೊಕ್ಕು ಲೆಕ್ಕ ನೋಡುವಷ್ಟು ಅಧಿಕಾರವಿರಲಿಲ್ಲ. ಮರುವರ್ಷವೇ ಅದು ಕಾಯಿದೆಯ ಸೂಚನೆಗಳನ್ನು ಸರಕಾರಕ್ಕೆ ಸಲ್ಲಿಸಿತು. ಪೂರ್ಣ ಕಾಯಿದೆಯು ಬಂದುದು 1949ರ ಮಾರ್ಚಿನಲ್ಲಿ! ನಡುವೆ ಮಹಾಯುದ್ಧವಿದ್ದಿತೆಂಬುದು ನಿಜ. ಆದರೆ ಯುದ್ಧಕ್ಕಾಗಿ ಬೇಕಾದ ಕಾಯಿದೆಗಳು ಯಾವುವೂ ಹೀಗೆ ಕಾದು ಕೂಡ್ರಲಿಲ್ಲ.

ಲೈಸೆನ್ಸು, ತಪಾಸಣೆಗಳು ಬಂದರೂ 1960ರ ಆಗಸ್ಟಿನಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಳುಗಿತು. ಆ ಬಳಿಕ ಬಂದ ಸುಧಾರಣೆಗಳಲ್ಲಿ ಠೇವಣಿಯ ವಿಮೆಯೇ ಶ್ರೇಷ್ಠವಾದುದೆಂದು ನಮ್ಮ ಮತ. ಬ್ಯಾಂಕು ಜನರಿಟ್ಟ ಹಣವನ್ನು ಸಾಲ ಕೊಟ್ಟಿರುತ್ತದೆ. ಎಲ್ಲರೂ ಒಂದೇ ದಿನ ಕೈಚಾಚಿದರೆ ಗಟ್ಟಿಯಾದ ಬ್ಯಾಂಕೂ ಉಳಿಯಲಾರದು. ತಮ್ಮ ಗಂಟು ಭದ್ರವಿದೆಯೆಂದು ನಂಬಿದ ಶಾಲಾಮಾಸ್ತರರು ಗಾಳಿಸುದ್ದಿಗೆ ಬೆದರಿ ಓಡಲಾರರು. 1962ರ ಜನವರಿ 1ರಿಂದ ಪ್ರತಿ ಠೇವಣಿದಾರನಿಗೆ 1500 ರೂಪಾಯಿಯವರೆಗೆ ಈ ಭದ್ರತೆ ದೊರೆಯಿತು. 1993ರಲ್ಲಿ ಮಿತಿಯು 1 ಲಕ್ಷಕ್ಕೇರಿ, ಮುಂದೆ 27 ವರ್ಷ ಅಲ್ಲಿಯೇ ನಿಂತಿತು. ಪೇಟೆಯ ಬೆಲೆಗಳು ಮಾತ್ರ ನಿಲ್ಲಲಿಲ್ಲ.

ಅದು 5 ಲಕ್ಷವಾದುದು 2020ರ ಫೆಬ್ರವರಿಯಲ್ಲಿ; ಅದಕ್ಕೂ ಬ್ಯಾಂಕುಗಳು ಕೆಡಬೇಕಾಯಿತು. 2019ರಲ್ಲಿ ಮುಂಬಯಿಯ ಒಂದು ದೊಡ್ಡ ಸಹಕಾರಿ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಿತು. 2020ರ ಜನವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಒಂದು ಸಹಕಾರಿ ಬ್ಯಾಂಕಿನ ಠೇವಣಿದಾರರಿಗೆ 35,000 ರೂಪಾಯಿಗಿಂತ ಹೆಚ್ಚು ತೆಗೆಯಕೂಡದೆಂಬ ಅಪ್ಪಣೆಯಾಯಿತು. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ಮುದುಕರ ಪಾಡೇನು?

ಇಲ್ಲಿಯೂ ರೋಗವು ಹಳೆಯದೇ. 1966ರಿಂದ ಸಹಕಾರಿ ಬ್ಯಾಂಕುಗಳಿಗೆ ಇಬ್ಬರು ಒಡೆಯರು: ವ್ಯವಹಾರಕ್ಕೆ ರಿಸರ್ವ್ ಬ್ಯಾಂಕು, ಆಡಳಿತಕ್ಕೆ ಸಹಕಾರ ಖಾತೆಯ ರಿಜಿಸ್ಟ್ರಾರರು. ಒಡೆದ ಆಡಳಿತವೆಂದರೇನೆಂಬುದನ್ನು 1956ರವರೆಗೆ ಹಲವು ಸರಕಾರಗಳ ಕೈಕೆಳಗೆ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಬೇರೆ ಹೇಳಬೇಕಾಗಿಲ್ಲ. ಧಾರವಾಡದ ಅಹವಾಲು ಮುಂಬಯಿಗೆ, ಮಂಗಳೂರಿನದು ಮದ್ರಾಸಿಗೆ ಹೋಗುತ್ತಿದ್ದ ದಿನಗಳವು. 2020ರ ತಿದ್ದುಪಡಿಯು ರಿಸರ್ವ್ ಬ್ಯಾಂಕಿಗೆ ಸಹಕಾರಿ ಬ್ಯಾಂಕುಗಳ ಆಡಳಿತದಲ್ಲಿಯೂ ಹೆಚ್ಚಿನ ಅಧಿಕಾರ ಕೊಟ್ಟಿತು. ನಿರ್ಬಂಧ ಬಿದ್ದ 90 ದಿನಗಳೊಳಗೆ ವಿಮೆಯ ಹಣ ಸಲ್ಲಬೇಕೆಂದು 2021ರಲ್ಲಿ ನಿಯಮವಾಯಿತು. ಇದರಿಂದ ಸಹಕಾರದ ಸ್ವಾತಂತ್ರ್ಯಕ್ಕೆ ಧಕ್ಕೆಯೆಂದು ಕೂಗುವ ಮಹನೀಯರುಂಟು. ಆ ಸ್ವಾತಂತ್ರ್ಯವನ್ನು ನಿರ್ದೇಶಕರು ತಮ್ಮ ಬೀಗರಿಗೆ ಸಾಲ ಹಂಚಲು ಬಳಸಿದಾಗ ಅವರು ಎಲ್ಲಿದ್ದರು?

ಇನ್ನುಳಿದುದು ವಿಮೆಯ ಮಿತಿ. ಇನ್ನೊಂದು ಬ್ಯಾಂಕು ಮುಳುಗುವ ತನಕ ಕಾಯದೆ, ಬೆಲೆಗಳ ಏರಿಕೆಯನ್ನು ನೋಡಿ ಐದು ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಲೇಬೇಕೆಂದು ಕಾಯಿದೆಯಲ್ಲಿಯೇ ಬರೆಯಿಸಬೇಕು. ಕರ್ನಾಟಕದಿಂದ ಆರಿಸಿ ಹೋದ ಸದಸ್ಯರು ಲೋಕಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತುವರೇ?